ಒಸಡಿನ ಉರಿಯೂತಕ್ಕೆ ಅರಿಶಿನದ ನ್ಯಾನೋಕಣ, ನೀಲಿ ಬೆಳಕು

ನಾನು ಒಸಡಿನ ಕಾಯಿಲೆ ನೋಡುವ ದಂತವೈದ್ಯೆ. ಸ್ಕೇಲಿಂಗ್ (ಹಲ್ಲಿನ ಪಾಚಿ ತೆಗೆಯುವುದು), ರೂಟ್ ಪ್ಲೇನಿಂಗ್ (ಬೇರಿನ ಮೈ ಕೆರೆದು ನಯ ಮಾಡುವುದು) ಎಲ್ಲ ಮುಗಿದ ಮೇಲೂ ಕೆಲವರಿಗೆ ಒಂದೆರಡು ಕಡೆ ಪಾಕೆಟ್, ಅಂದರೆ ಹಲ್ಲಿಗೂ ಒಸಡಿಗೂ ನಡುವಿನ ಸಂದಿನ ಆಳ, 5 ಮಿಲಿಮೀಟರ್‌ನಲ್ಲೇ ನಿಂತುಬಿಡುತ್ತದೆ. ಆಳ ಅಳೆಯುವ ಕಡ್ಡಿ (ಪ್ರೋಬ್) ತಾಗಿದರೆ ಸಾಕು, ರಕ್ತ. ದವಡೆ ಹಲ್ಲಿನ ಬೇರು ಕವಲೊಡೆಯುವ ಸಂದಿಗೆ ನಮ್ಮ ಉಪಕರಣ ಸರಿಯಾಗಿ ಹೋಗುವುದಿಲ್ಲ. ಅದಕ್ಕೆಂದು ಪದೇ ಪದೇ ಆಂಟಿಬಯಾಟಿಕ್ ಬರೆಯಲು ಮನಸ್ಸೊಪ್ಪದೆ, ಎಥಿಕ್ಸ್ ಕಮಿಟಿಯ ಅನುಮತಿ ಪಡೆದು, ಔಷಧದ ನ್ಯಾನೋಕಣವನ್ನು ಪಾಕೆಟ್ ಒಳಗೆ ತುಂಬಿ ನೀಲಿ ಬೆಳಕು ಹಾಯಿಸುವ ಈ ದಾರಿ ಹಿಡಿದೆ.

ಔಷಧ ಕರ್ಕ್ಯುಮಿನ್, ಅಂದರೆ ಅರಿಶಿನಕ್ಕೆ ಬಣ್ಣ ಕೊಡುವ ವಸ್ತು. ಅದು ನೀಲಿ ಬೆಳಕನ್ನು ಹೀರಿ ಅಕ್ಕಪಕ್ಕದ ಆಮ್ಲಜನಕವನ್ನು ಕೆರಳಿಸುತ್ತದೆ. ಆ ಆಮ್ಲಜನಕ ಬ್ಯಾಕ್ಟೀರಿಯಾದ ಪೊರೆಯನ್ನು ಹಾಳುಗೆಡವುತ್ತದೆ. ಬಿಳಿ ಫಿಲ್ಲಿಂಗ್ ಗಟ್ಟಿಮಾಡಲು ನಾವು ದಿನವೂ ಹಿಡಿಯುವ ಕ್ಯೂರಿಂಗ್ ಲೈಟೇ ಇದಕ್ಕೂ ಸಾಕು.

"ಹಂಗಾದ್ರೆ ಅರಿಶಿನದ ಪುಡೀನೇ ಹಚ್ಕೋಬಹುದಲ್ಲ ಡಾಕ್ಟ್ರೇ?" ಎಂದು ಒಬ್ಬ ಅಜ್ಜಿ ಕೇಳಿದ್ದರು. ಒಳ್ಳೆಯ ಪ್ರಶ್ನೆ. ಆದರೆ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ತೀರಾ ಸ್ವಲ್ಪ, ಅದೂ ನೀರಿನಲ್ಲಿ ಕರಗುವುದಿಲ್ಲ. ಹಾಗಾಗಿ ಶುದ್ಧ ಕರ್ಕ್ಯುಮಿನ್ ಮತ್ತು ಪಿಎಲ್‌ಜಿಎ (ಕರಗುವ ಹೊಲಿಗೆ ದಾರಕ್ಕೂ ಬಳಸುವ ಪಾಲಿಮರ್) ಎರಡನ್ನೂ ಅಸಿಟೋನ್‌ನಲ್ಲಿ ಕರಗಿಸಿ, ತಿರುಗುತ್ತಿರುವ ಪಿವಿಎ (ಕಣಗಳು ಒಂದಕ್ಕೊಂದು ಅಂಟದಂತೆ ತಡೆಯುವ ಪಾಲಿಮರ್) ದ್ರಾವಣಕ್ಕೆ ಹನಿಹನಿಯಾಗಿ ಬಿಡುತ್ತೇವೆ. ಹನಿ ಬಿದ್ದಲ್ಲೇ ದ್ರಾವಣ ಹಳದಿ ಹಾಲಿನಂತಾಗುತ್ತದೆ. ಅಸಿಟೋನ್ ಪೂರ್ತಿ ಆರಿದ ಮೇಲೆ ಉಳಿಯುವ ಕಣ 200 ನ್ಯಾನೋಮೀಟರ್ ಆಸುಪಾಸಿನದು. ಬಾಟಲಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಲೇಬೇಕು. ಬೆಳಕಿಗೆ ಕೆಲಸ ಮಾಡುವ ಔಷಧ ಬೆಳಕಿಗೇ ಕೆಡುತ್ತದೆ.

ಕುರ್ಚಿಯ ಪಕ್ಕದಲ್ಲಿ ನಾನು ಅತಿ ಹೆಚ್ಚು ಗಮನ ಕೊಡುವುದು ರಕ್ತಕ್ಕೆ. ಹಿಮೋಗ್ಲೋಬಿನ್ ಕೂಡ ಇದೇ ನೀಲಿ ಬೆಳಕನ್ನು ಜೋರಾಗಿ ಹೀರುತ್ತದೆ. ಪಾಕೆಟ್‌ನಲ್ಲಿ ರಕ್ತ ತುಂಬಿದ್ದರೆ ಬೆಳಕು ಕಣದವರೆಗೆ ಹೋಗುವುದೇ ಇಲ್ಲ. ಆದ್ದರಿಂದ ಸ್ಕೇಲಿಂಗ್ ಮಾಡಿದ ದಿನವೇ ಇದನ್ನು ಮಾಡುವುದು ನನಗೆ ಸರಿ ಕಾಣದು. ಮುಂದಿನ ಭೇಟಿಯಲ್ಲಿ ಸಲೈನ್‌ನಿಂದ ತೊಳೆದು, ಹತ್ತಿ ಒತ್ತಿ, ಮೊಂಡು ಸೂಜಿಯಿಂದ ಔಷಧವನ್ನು ತಳದಿಂದ ಮೇಲಕ್ಕೆ ತುಂಬುತ್ತೇನೆ.

ಲೈಟ್ ಹಾಕಿ ಕಿತ್ತಳೆ ಕನ್ನಡಕದಿಂದ ನೋಡಿದರೆ ಒಸಡಿನ ಅಂಚು ಹಸಿರು ಹಳದಿಯಾಗಿ ಹೊಳೆಯುತ್ತದೆ. ಔಷಧ ಎಲ್ಲಿ ಕುಳಿತಿದೆ, ಎಲ್ಲಿ ಕುಳಿತಿಲ್ಲ ಎಂದು ಕಣ್ಣಿಗೇ ತಿಳಿಯುತ್ತದೆ. ಬೆಳಕು ಬೀಳುತ್ತಿದ್ದಂತೆ ಹೊಳಪು ಮಂಕಾಗುತ್ತ ಬರುತ್ತದೆ, ಕರ್ಕ್ಯುಮಿನ್ ಖರ್ಚಾಗುತ್ತಿದೆ ಎಂದರ್ಥ. ನೀಲಿ ಬೆಳಕು ಅಂಗಾಂಶದೊಳಗೆ ಹೆಚ್ಚು ಇಳಿಯದ ಕಾರಣ ಹೊರಗಿನಿಂದ ಹಿಡಿದರೆ ಸಾಲದು. ಚೂಪು ತುದಿಯ ಲೈಟ್ ಗೈಡ್ (ಬೆಳಕು ಸಾಗಿಸುವ ಕೊಳವೆ) ಅನ್ನು ಪಾಕೆಟ್ ಬಾಯಿಗೇ ಇಡಬೇಕು. ತುದಿ ಬಿಸಿಯಾಗುವುದರಿಂದ ನಡುನಡುವೆ ಲೈಟ್ ಆರಿಸಿ ಮತ್ತೆ ಹಾಕುತ್ತೇನೆ.

ನಾನು ಕಂಡಂತೆ ಮೊದಲು ಕಡಿಮೆಯಾಗುವುದು ರಕ್ತ ಒಸರುವುದು. ಪಾಕೆಟ್ ಆಳ ಇಳಿಯುವುದು ನಿಧಾನ, ಕೆಲವರಿಗೆ ಇಳಿಯುವುದೇ ಇಲ್ಲ. ಸವೆದ ಮೂಳೆ ಇದರಿಂದ ಬೆಳೆಯುತ್ತದೆಂದು ಯಾರಿಗೂ ಹೇಳುವುದಿಲ್ಲ. ಸಕ್ಕರೆ ಹತೋಟಿಯಲ್ಲಿ ಇಲ್ಲದವರನ್ನು ಮೊದಲು ಅವರ ಫಿಸಿಶಿಯನ್ ಹತ್ತಿರ ಕಳಿಸುತ್ತೇನೆ, ಲೈಟ್ ಆಮೇಲೆ.