ಗಂಡಸರ ಹೆಸರು ಬಿಟ್ಟೆ, ತವರಿನ ಹೆಸರು ಹಿಡಿದೆ

ನಮ್ಮ ಯಜಮಾನರ ಮನೆತನ ಗ್ರೀನ್‌ವುಡ್. ಅಮೆರಿಕದ ರೋಡ್ ಐಲೆಂಡಿನ ವೂನ್‌ಸಾಕೆಟ್‌ನಲ್ಲಿ ಬಟ್ಟೆ ಮಿಲ್ಲಿನಲ್ಲಿ ದುಡಿದವರು. "ನಾವು ಇಂಗ್ಲೆಂಡಿನ ಕಡೆಯವರು" ಅಂತಲೇ ಮಾವನವರು ಹೇಳುತ್ತಿದ್ದರು. ಆದರೆ 1900ರ ಜನಗಣತಿ ಹಾಳೆಯಲ್ಲಿ ಅವರ ಅಜ್ಜ ಹುಟ್ಟಿದ ಜಾಗ 'ಕೆನಡಾ, ಫ್ರೆಂಚ್' ಅಂತ ಇತ್ತು. ನಾನು ಆ ಹಾಳೆಯನ್ನು ನಂಬಿ ಅವರ ಪೂರ್ವಜರನ್ನು ಹುಡುಕಲು ಹೊರಟೆ.

ಮೊದಲು ದುಡ್ಡು ಕಳೆದದ್ದನ್ನು ಹೇಳಿಬಿಡುತ್ತೇನೆ. ವಂಶಾವಳಿ ಹುಡುಕಿಕೊಡುವ ಒಬ್ಬರಿಗೆ ಸುಮಾರು 400 ಡಾಲರ್ ಕೊಟ್ಟೆ. ಅವರು ಇಂಗ್ಲೆಂಡಿನ ಯಾವುದೋ ಯಾರ್ಕ್‌ಷೈರ್ ಗ್ರೀನ್‌ವುಡ್‌ಗೆ ಗಂಟು ಹಾಕಿ ಕಳಿಸಿದರು. ಆಮೇಲೆ ಡಿಎನ್‌ಎ ಪರೀಕ್ಷೆಗೆ ಇನ್ನೊಂದು ನೂರು. ಸಾವಿರಾರು ನೆಂಟರು ಸಿಕ್ಕರು, ಒಬ್ಬರೂ ಉಪಯೋಗಕ್ಕೆ ಬರಲಿಲ್ಲ. ಕೆನಡಾದ ಫ್ರೆಂಚ್ ಪ್ರಾಂತ್ಯವಾದ ಕ್ಯುಬೆಕ್‌ನಲ್ಲಿ ಫ್ರಾನ್ಸಿನಿಂದ ಬಂದು ಮೊದಲು ನೆಲೆಸಿದವರು ಕೆಲವೇ ಸಾವಿರ ಜನ, ಹಾಗಾಗಿ ಎಲ್ಲರೂ ನಾಲ್ಕೈದು ದಾರಿಯಲ್ಲಿ ನೆಂಟರು. ದೂರದವರೂ ಹತ್ತಿರದವರ ಹಾಗೆ ಕಾಣಿಸುತ್ತಾರೆ.

ಕ್ಯುಬೆಕ್‌ನಿಂದ ಅಮೆರಿಕಕ್ಕೆ ಬಂದ ಹಲವರು ಮನೆತನದ ಹೆಸರನ್ನು ಇಂಗ್ಲಿಷಿಗೆ ತಿರುಗಿಸಿಕೊಂಡರು. ಫ್ರೆಂಚಿನ ಬ್ವಾವೇರ್, ಅಂದರೆ ಹಸಿರು ಕಾಡು, ಹೀಗೆ ಗ್ರೀನ್‌ವುಡ್ ಆಗುತ್ತಿತ್ತು. ಆದರೆ ಬ್ವಾವೇರ್ ಅಂತ ಹುಡುಕಿದರೆ ಜೋಸೆಫ್‌ಗಳ ಸಂತೆ! ಗಂಡು ಮಗುವಾದರೆ ಜೋಸೆಫ್, ಹೆಣ್ಣಾದರೆ ಮೇರಿ (ಫ್ರೆಂಚಿನಲ್ಲಿ 'ಮರಿ') ಅಂತ ಹೆಸರಿನ ಮೊದಲು ಸೇರಿಸುತ್ತಿದ್ದರು.

ಆಗ ಗಂಡಸರ ಮನೆತನದ ಹೆಸರನ್ನೇ ಬಿಟ್ಟುಬಿಟ್ಟೆ. ಗಂಡ ಹೆಂಡತಿ ಇಬ್ಬರ ಕೂಗುವ ಹೆಸರು, ಜೊತೆಗೆ ಹೆಂಡತಿಯ ತವರಿನ ಹೆಸರು, ಇಷ್ಟೇ ಹಾಕಿ ಹುಡುಕಿದೆ. ವಂಶಾವಳಿ ಹುಡುಕುವ ಜೊತೆಯವರು "ಇದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ" ಅಂದರು. ನನಗೆ ಹಾಗನ್ನಿಸಲಿಲ್ಲ. ಕ್ಯುಬೆಕ್ ಕಡೆಯ ಫ್ರೆಂಚ್ ಚರ್ಚಿನ ದಾಖಲೆಯಲ್ಲಿ ಹೆಂಗಸು ಸಾಯುವವರೆಗೂ ತವರಿನ ಹೆಸರಲ್ಲೇ ಇರುತ್ತಾಳೆ. ಗಂಡನ ಹೆಸರು ಇಂಗ್ಲಿಷಿಗೆ ತಿರುಗಿದರೂ ಅವಳದು ಬೇಗ ತಿರುಗುವುದಿಲ್ಲ.

ವೂನ್‌ಸಾಕೆಟ್ ಊರಿನ ಕಚೇರಿ ದಾಖಲೆಯಲ್ಲಿ ಗ್ರೀನ್‌ವುಡ್ ಅಂತಿದ್ದ ಮದುವೆ, ಅಲ್ಲಿನ ಫ್ರೆಂಚ್ ಚರ್ಚಿನ ಪುಸ್ತಕದಲ್ಲಿ ಬ್ವಾವೇರ್ ಅಂತಲೇ ಇತ್ತು. ಎರಡೂ ಕಡೆಯ ತಂದೆತಾಯಿಯ ಹೆಸರು, ತಾಯಂದಿರ ತವರಿನ ಹೆಸರು ಸಮೇತ! ಅಲ್ಲಿಂದ ಡ್ರೂಯಿನ್ ಫಿಲ್ಮಿಗೆ, ಅಂದರೆ ಕ್ಯುಬೆಕ್ ಚರ್ಚುಗಳ ಪುಸ್ತಕಗಳನ್ನು ಫೋಟೊ ತೆಗೆದಿಟ್ಟ ಸಂಗ್ರಹಕ್ಕೆ ಇಳಿದೆ. ಮೂರು ತಲೆಮಾರು ಹಿಂದೆ ಕ್ಯುಬೆಕ್‌ನ ಲೋಬಿನ್ಯೇರ್ ಕಡೆಯ ಒಂದು ಪುಟ. ಪಕ್ಕದ ಅಂಚಿನಲ್ಲಿ ಬರೀ 'ಬ್ವಾವೇರ್'. ಒಳಗೆ ಪಾದ್ರಿಯ ವಾಲಿದ ಅಕ್ಷರದಲ್ಲಿ 'ದನವೇರ್ ದಿ ಬ್ವಾವೇರ್'. ನಮ್ಮ ಪಹಣಿಯಲ್ಲಿ 'ಉರುಫ್' ಬರುತ್ತದಲ್ಲ, ಈ 'ದಿ' ಥೇಟ್ ಹಾಗೆಯೇ. ಅಂದರೆ ಬ್ವಾವೇರ್‌ಗಿಂತ ಹಿಂದಿನ ಮನೆತನದ ಹೆಸರು ದನವೇರ್. ಅಂಚು ನೋಡಿ ಪುಟ ತಿರುಗಿಸಿದ್ದರೆ ನಾನೂ ಅಲ್ಲೇ ನಿಲ್ಲುತ್ತಿದ್ದೆ. ಆ ರಾತ್ರಿ ಎರಡು ಗಂಟೆಗೆ ಯಜಮಾನರನ್ನು ಎಬ್ಬಿಸಿ ತೋರಿಸಿದೆ.

ನಡುವೆ ಒಂದು ಕೊಂಡಿ ಅನುಮಾನವಿತ್ತು. ಅದನ್ನು ಬಿಡಿಸಿದ್ದು ಚರ್ಚಿನ ಅನುಮತಿ. ನಮ್ಮಲ್ಲಿ ಸೋದರಮಾವನ ಮಗನನ್ನು ಮದುವೆಯಾಗುವುದು ಮಾಮೂಲು. ಅಲ್ಲಿ ನಾಲ್ಕನೇ ತಲೆಮಾರಿನವರೆಗೂ ರಕ್ತಸಂಬಂಧಕ್ಕೆ ಒಪ್ಪಿಗೆ ಬೇಕಿತ್ತು. ಮದುವೆ ದಾಖಲೆಯಲ್ಲಿ 'ಮೂರರಿಂದ ನಾಲ್ಕನೆಯದು' ಅಂತ ಬರೆದಿದ್ದರು. ಅಂದರೆ ಒಬ್ಬರಿಗೆ ಮೂರು, ಇನ್ನೊಬ್ಬರಿಗೆ ನಾಲ್ಕು ತಲೆಮಾರು ಹಿಂದೆ ಒಂದೇ ದಂಪತಿ. ಎರಡೂ ಕಡೆ ಎಣಿಸಿದೆ, ಸರಿಯಾಗಿ ಕೂತಿತು.

ಸುಮ್ನೆ ಒಂದು ಪ್ರಯೋಗ ಅಂತ ಮಾವನವರ ತಾಯಿ, ತಾಯಿಯ ತಾಯಿ, ಹೀಗೆ ಹೆಂಗಸರ ದಾರಿಯಲ್ಲೇ ಹತ್ತಿದೆ. ಹತ್ತೋ ಹನ್ನೊಂದೋ ಮೆಟ್ಟಿಲು. 1663ರಿಂದ 1673ರ ನಡುವೆ ಮದುವೆಯಾಗಿ ನೆಲೆಸಲೆಂದು ಫ್ರಾನ್ಸಿನ ರಾಜ ಕ್ಯುಬೆಕ್ ಕಡೆಗೆ ಕಳಿಸಿದ ಸುಮಾರು 770 ಹೆಣ್ಣುಮಕ್ಕಳಲ್ಲಿ ಒಬ್ಬಳು ಸಿಕ್ಕಳು. ಮಾವನವರ ಕಡೆ ಇಷ್ಟು ದೂರ ಯಾರೂ ಹೋಗಿರಲಿಲ್ಲ.

ಒಟ್ಟು ಎರಡು ವರ್ಷ, ಚಂದಾ ಎಲ್ಲ ಸೇರಿ ಸಾವಿರ ಡಾಲರ್ ಹತ್ತಿರ. ಅದರಲ್ಲಿ ಕೆಲಸಕ್ಕೆ ಬಂದದ್ದು ಮುನ್ನೂರೋ ಏನೋ. ಈಗ ಅತ್ತೆಯವರ ಕಡೆ ಹಿಡಿದಿದ್ದೇನೆ. ಅವರು ಬಿಷಪ್ ಮನೆತನ. ಮೂಲ ಲೆವೆಕ್ (ಫ್ರೆಂಚಿನಲ್ಲಿ 'ಬಿಷಪ್') ಇರಬೇಕು ಅಂತ ನನ್ನ ಊಹೆ. ಆದರೆ ಅವರ ಅಜ್ಜಿಯ ತವರಿನ ಹೆಸರು ಸಿಗುವವರೆಗೆ ಲೆವೆಕ್ ಅಂತ ಒಂದು ಸಲವೂ ಹುಡುಕುವುದಿಲ್ಲ.