ಕಾರ್ಡ್ ಉಜ್ಜಿದ್ದಕ್ಕೆ ಹೇಳದೆ ಹಾಕಿದ 2%: ವಾಪಸ್ ಬಂದ ಬಗೆ

ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಯೊಂದರ ಬಿಲ್ ₹18,500. ಕ್ರೆಡಿಟ್ ಕಾರ್ಡಿನಿಂದ ಹೋದದ್ದು ₹18,870. ಹೆಚ್ಚುವರಿ 2% ಬೋರ್ಡಿನಲ್ಲಿಲ್ಲ, ಬಿಲ್ಲಿನಲ್ಲಿಲ್ಲ, ಬಾಯಲ್ಲೂ ಹೇಳಿರಲಿಲ್ಲ.

ಕೇಳಿದರೆ "ಅದು ಬ್ಯಾಂಕ್ ಚಾರ್ಜು ಸಾರ್" ಅಂದರು. ನಿಜ, ಆದರೆ ಅಂಗಡಿಯವರು ತಮ್ಮ ಬ್ಯಾಂಕಿಗೆ ಕೊಡಬೇಕಾದ ಚಾರ್ಜು (ಎಂಡಿಆರ್) ಅದು, ಗಿರಾಕಿಯದಲ್ಲ. ಕಾರ್ಡ್ ಕೊಟ್ಟ ಬ್ಯಾಂಕಿನ ಆ್ಯಪ್‌ನಲ್ಲಿ "ಅನಧಿಕೃತ ವಹಿವಾಟು" ಅಂತ ಹಾಕಿದ ದೂರು ತಿರಸ್ಕೃತವಾಯಿತು. ಪಿನ್ ಒತ್ತಿದ ಮೇಲೆ ಆ ಕಾರಣ ನಿಲ್ಲುವುದಿಲ್ಲ.

ಕೆಲಸಕ್ಕೆ ಬಂದದ್ದು ಸ್ವೈಪ್ ಚೀಟಿ. ಅದರ ತಲೆಯಲ್ಲಿದ್ದದ್ದು ಮೆಷಿನ್ ಕೊಟ್ಟ ಬ್ಯಾಂಕಿನ ಹೆಸರು. ಕೆಳಗೆ ಎಂಐಡಿ (ಅಂಗಡಿಯ ಗುರುತು), ಟಿಐಡಿ (ಮೆಷಿನ್ನಿನ ಗುರುತು), ಆರ್‌ಆರ್‌ಎನ್ (ಆ ವಹಿವಾಟಿನ ಗುರುತು) ನಂಬರುಗಳು. ಆ ಬ್ಯಾಂಕಿಗೆ ಈ ಮೂರು ನಂಬರು, ದಿನಾಂಕ, ಬಿಲ್ ಮೊತ್ತ, ಕಡಿತದ ಮೊತ್ತ ಬರೆದು ಮೇಲ್ ಹಾಕಿದೆ. ಬಿಲ್ಲು, ಚೀಟಿ ಎರಡನ್ನೂ ಪಕ್ಕಪಕ್ಕ ಇಟ್ಟು ತೆಗೆದ ಫೋಟೋ ಜೊತೆಗೆ. ಕಾರ್ಡಿನ ಕೊನೆಯ 4 ಅಂಕಿ ಸಾಕು, ಪೂರ್ತಿ ನಂಬರು ಯಾರಿಗೂ ಬರೆಯಬೇಡಿ. ಆಮೇಲೆ ಸ್ವಂತ ಬ್ಯಾಂಕಿನಲ್ಲಿ ಹೊಸ ದೂರು: ಕಾರಣ "ಮೊತ್ತದಲ್ಲಿ ವ್ಯತ್ಯಾಸ", ಕೇಳಿದ್ದು ₹370 ಮಾತ್ರ. ಪೂರ್ತಿ ಮೊತ್ತ ಕೇಳಿದರೆ "ಸಾಮಾನು ತಗೊಂಡಿದ್ದೀರಲ್ಲ" ಅಂತ ದೂರು ಮುಗಿಸಿಬಿಡುತ್ತಾರೆ. ₹370 ಕಾರ್ಡಿಗೇ ವಾಪಸ್ ಬಂತು.

ಚೀಟಿ ಥರ್ಮಲ್ ಕಾಗದದ್ದು, ಅಕ್ಷರ ಬೇಗ ಮಾಸುತ್ತದೆ. ಅವತ್ತೇ ಫೋಟೋ ತೆಗೆದಿಡಿ. ಬ್ಯಾಂಕು 30 ದಿನ ಸುಮ್ಮನಿದ್ದರೆ ರಿಸರ್ವ್ ಬ್ಯಾಂಕಿನ ಸಿಎಂಎಸ್ ಎಂಬ ದೂರಿನ ಪೋರ್ಟಲ್‌ನಲ್ಲಿ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ದೂರು ಕೊಡಬಹುದು. ಅಂಗಡಿಯ ಮೇಲಿನ ದೂರಿಗೆ ಗ್ರಾಹಕ ಸಹಾಯವಾಣಿ 1915.