ವಿಶಿಯ 97 ಮತ್ತು ನನ್ನ ನೂರು ಪದ

ಆಟಗಾರರು, ನಟರು, ಪತ್ರಕರ್ತರ ಕಿರುಪರಿಚಯ ಬರೆಯುವುದು ನನ್ನ ಕೆಲಸ. ಒಬ್ಬೊಬ್ಬರಿಗೆ ಸಿಗುವುದು ನೂರು, ಹೆಚ್ಚೆಂದರೆ ನೂರಿಪ್ಪತ್ತು ಪದ. ಹುಟ್ಟೂರು, ಓದು, ಪ್ರಶಸ್ತಿ ಅಂತ ಹೊರಟರೆ ಅರ್ಧ ಜಾಗ ಅಲ್ಲೇ ಖಾಲಿ. ಹಾಗಾಗಿ ನಾನು ಮೊದಲು ಹುಡುಕುವುದು, ಇನ್ಯಾರ ಪರಿಚಯದಲ್ಲೂ ಹಾಕಲಾಗದ ಒಂದು ಸಂಗತಿಯನ್ನು.

ಕ್ರಿಕೆಟ್‌ನವರದು ಸುಲಭ ಅನ್ನುತ್ತಾರೆ, ಅಂಕಿ-ಅಂಶ ಕೈಗೆ ಸಿಗುತ್ತದಲ್ಲ. ಭದ್ರಾವತಿಯ ಜಿ.ಆರ್. ವಿಶ್ವನಾಥ್ (ವಿಶಿ) ಅವರದು 91 ಟೆಸ್ಟ್, 6080 ರನ್, 14 ಶತಕ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಆಡಿದ ಮೊದಲ ಟೆಸ್ಟ್‌ನಲ್ಲೇ ಸೊನ್ನೆ, ಆಮೇಲೆ 137. ಇದನ್ನೆಲ್ಲ ಬರೆದರೂ ವಿಶಿ ಕಾಣಿಸಲಿಲ್ಲ. ಕೊನೆಗೆ ನಾನು ಹಿಡಿದದ್ದು ಶತಕಗಳ ಪಟ್ಟಿಯಲ್ಲೇ ಇಲ್ಲದ 97. 1975ರ ಜನವರಿ, ಮದ್ರಾಸ್, ಎದುರಿಗೆ ವೆಸ್ಟ್ ಇಂಡೀಸ್. ಆ್ಯಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತರು. ಭಾರತ 190ಕ್ಕೆ ಆಲೌಟ್. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ವಿಶಿಯದು, ಅದೂ ಔಟಾಗದೆ. ಪಂದ್ಯವನ್ನು ಭಾರತ 100 ರನ್ನಿನಿಂದ ಗೆದ್ದಿತು. ‘ಕಲಾತ್ಮಕ ಬ್ಯಾಟ್ಸ್‌ಮನ್’ ಅಂತ ಬೇರೆ ಸೇರಿಸುವ ಅಗತ್ಯ ಬೀಳಲಿಲ್ಲ.

1980ರಲ್ಲಿ ಬಾಂಬೆ ಟೆಸ್ಟ್‌ನಲ್ಲಿ ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ನಾಯಕ ವಿಶಿ ವಾಪಸ್ ಕರೆದರು. ಈ ಕಥೆಯನ್ನು ಎಲ್ಲರೂ ಬರೆಯುತ್ತಾರೆ. ಆ ಪಂದ್ಯವನ್ನು ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು ಅನ್ನುವುದನ್ನು ಮಾತ್ರ ಬಿಟ್ಟುಬಿಡುತ್ತಾರೆ. ನಾನು ಸೋಲನ್ನೂ ಬರೆದೆ. ಕರೆದದ್ದಕ್ಕೆ ಬೆಲೆ ತೆತ್ತರು ಅನ್ನುವುದು ಓದುಗರಿಗೆ ಗೊತ್ತಾಗಬೇಕಲ್ವಾ?

ಬಿ.ಎಸ್. ಚಂದ್ರಶೇಖರ್ ಅವರದು ಇನ್ನೂ ಚಿಕ್ಕದಾಯಿತು. ಪೋಲಿಯೊ ತಗುಲಿದ್ದು ಬಲಗೈಗೆ, ಬೌಲ್ ಮಾಡಿದ್ದೂ ಅದೇ ಕೈಯಲ್ಲಿ. 58 ಟೆಸ್ಟ್‌ಗಳಲ್ಲಿ 242 ವಿಕೆಟ್, 167 ರನ್. ರನ್ನಿಗಿಂತ ವಿಕೆಟ್ಟೇ ಜಾಸ್ತಿ!

ಸಿನಿಮಾದವರದು ತಿರುಗಾಮುರುಗಾ. ಇಲ್ಲಿ ಮಾಹಿತಿಗಿಂತ ಹೊಗಳಿಕೆ ಹೆಚ್ಚು. ಗಾಜನೂರಿನ ಮುತ್ತುರಾಜ್ 1954ರಲ್ಲಿ ‘ಬೇಡರ ಕಣ್ಣಪ್ಪ’ದಿಂದ ರಾಜ್‌ಕುಮಾರ್ ಆದದ್ದು ಎಲ್ಲರಿಗೂ ಗೊತ್ತು. ನಾನು ಮೊದಲ ಸಾಲಿನಲ್ಲಿ ಇಟ್ಟದ್ದು ಬೇರೆ: ಇಷ್ಟು ದೊಡ್ಡ ನಟನಿಗೆ ಬಂದ ರಾಷ್ಟ್ರಪ್ರಶಸ್ತಿ ನಟನೆಗಲ್ಲ, ಹಾಡಿಗೆ. ‘ಜೀವನ ಚೈತ್ರ’ಕ್ಕೆ ಹಾಡಿದ್ದಕ್ಕೆ. ಮಿಕ್ಕದ್ದನ್ನು ಓದುಗರೇ ಯೋಚಿಸಿಕೊಳ್ಳುತ್ತಾರೆ.

ರಂಗಭೂಮಿಯ ಹಿರಿಯರಲ್ಲಿ ಹುಟ್ಟಿದ ತಾರೀಖೇ ತಕರಾರು. ನಾಲ್ಕು ಕಡೆ ಒಂದೇ ತಾರೀಖು ಇದ್ದರೂ ನಂಬುವ ಹಾಗಿಲ್ಲ, ನಾಲ್ವರೂ ಒಬ್ಬರನ್ನೇ ನಕಲು ಮಾಡಿರಬಹುದು. ಅನುಮಾನ ಉಳಿದರೆ ವರ್ಷ ಮಾತ್ರ ಬರೆಯುತ್ತೇನೆ, ಅದೂ ಖಾತ್ರಿಯಿಲ್ಲದಿದ್ದರೆ ಅದನ್ನೂ ಬಿಡುತ್ತೇನೆ. ಮನೆಯವರನ್ನು ಕೇಳಿದರೆ ತಾರೀಖಿಗಿಂತ ಮೊದಲು ಸನ್ಮಾನಗಳ ಪಟ್ಟಿ ಬರುತ್ತದೆ. ಶಾಲು, ಹಾರ, ಫಲತಾಂಬೂಲ ಸಮೇತ.

ನನಗೆ ಕಷ್ಟ ಕೊಡುವವರು ಪತ್ರಕರ್ತರು. ಸ್ಕೋರೂ ಇಲ್ಲ, ಪೋಸ್ಟರೂ ಇಲ್ಲ. ಬರೆದದ್ದು ಮಾರನೇ ದಿನ ರದ್ದಿ. ಅದಕ್ಕೇ ಎಲ್ಲರಿಗೂ ‘ನಿರ್ಭೀತ’, ‘ನೇರ ನುಡಿ’ ಅಂತ ಒಂದೇ ಅಂಗಿ ಹೊಲಿಸಿಬಿಡುತ್ತೇವೆ. ಪಿ. ಲಂಕೇಶ್ ಬಗ್ಗೆ ಬರೆಯುವಾಗ ಆ ಪದ ಮುಟ್ಟಲಿಲ್ಲ. ಇಂಗ್ಲಿಷ್ ಪಾಠ ಹೇಳುತ್ತಿದ್ದ ಮೇಷ್ಟ್ರು, ‘ಪಲ್ಲವಿ’ಯ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು, 1980ರಲ್ಲಿ ವಾರಪತ್ರಿಕೆ ಶುರು ಮಾಡಿದರು, ಜಾಹೀರಾತು ಹಾಕಲಿಲ್ಲ, ಓದುಗರು ಕೊಟ್ಟ ದುಡ್ಡಿನಲ್ಲೇ ನಡೆಸಿದರು ಅಂತಷ್ಟೇ ಬರೆದೆ.